ಐದನೆಯ ಫೌಲು

ಸೀಟಿ ಮೊಳಗಿತು. ಸುಮಿತ್ರಾ ಬಲಗೈ ಎತ್ತಿ ನಿಂತಳು. ಫೌಲು ಮಾಡಿದವರು ಕೈಯೆತ್ತಿ ಒಪ್ಪಿಕೊಳ್ಳಬೇಕೆಂಬುದು ಬಾಸ್ಕೆಟ್‌ಬಾಲಿನ ನಿಯಮ. ಅವಳದು ಆಗಲೇ ನಾಲ್ಕು. ಇನ್ನೊಂದಾದರೆ ಆಟದಿಂದಲೇ ಹೊರಗೆ.

ಪಾಕಿಸ್ತಾನದ ಜೊತೆಗಿನ ಯುದ್ಧ ಮುಗಿದ ಮರುವರ್ಷ, ವಡೋದರಾದ ರೈಲ್ವೆ ಕಾಲೊನಿಯ ಮೈದಾನದಲ್ಲಿ ಕಪ್ಪಿನ ಕೊನೆಯ ಪಂದ್ಯ. ಮುಂದಿನ ಸಾಲಿನಲ್ಲಿ ಅವಳ ಅಪ್ಪ ಶ್ರೀಪಾದರಾಯರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಧಾರವಾಡದಿಂದ ವರ್ಗವಾಗಿ ಬಂದ ಈ ಮಹಾಶಯರು ರೈಲ್ವೆಯವರಾಗಿಯೂ ಸಾಲು ತಪ್ಪಿಸಿ ಟಿಕೆಟ್ ಕೊಂಡವರಲ್ಲ. ಮಗಳು ಚಡ್ಡಿ ತೊಟ್ಟು ಆಡುವುದನ್ನು ಹೇಗೋ ನುಂಗಿಕೊಂಡಿದ್ದರು. ಆದರೆ ಆ ಬಟ್ಟೆ ಹಿತ್ತಲಲ್ಲಿ, ಅಮ್ಮನ ಸೀರೆಯ ಮರೆಯಲ್ಲಿಯೇ ಒಣಗಬೇಕೆಂಬುದು ಮನೆಯ ಕರಾರು.

ವಿರಾಮದಲ್ಲಿ ನೀರಿಗೆ ಬಂದವಳನ್ನು ರಾಯರು ತಡೆದರು.

"ಬೇಕಂತ ಆ ಹುಡುಗಿ ಕೈಗೆ ಹೊಡೀತಿ. ಮತ್ತ ಕೈ ಎತ್ತಿ ತೋರಸ್ತಿ. ನಾಚಿಕಿ ಬರೂದಿಲ್ಲೇನು?"

"ಆ ಸೂರತಿನ ಕಾಮಿನಿ ಬುಟ್ಟಿ ಕೆಳಗ ಹೋದ್ಲಂದ್ರ ಎರಡು ಪಾಯಿಂಟು ಖಾತ್ರಿ, ಅಪ್ಪಾ. ಫೌಲಾದ್ರ ಗೆರಿ ಮ್ಯಾಲೆ ನಿಂತು ಒಗೀಬೇಕು, ಅದು ಮಾತ್ರ ಆಕಿಗೆ ಬರೂದಿಲ್ಲ. ಅದಕ್ಕ ಹೊಡೀತೇನಿ."

"ಅದು ಮೋಸ."

"ಮೋಸ ಆದ್ರ ಮುಚ್ಚಿ ಮಾಡ್ತಿದ್ದೆ. ಎಲ್ಲಾರ ಮುಂದ ಮಾಡಿ, ಶಿಕ್ಷಾನೂ ತಗೋತೇನಿ."

"ಇನ್ನೊಮ್ಮೆ ಆ ಕೈ ಎತ್ತಿ ನೋಡು. ಅಲ್ಲಿಗೆ ನಿನ್ನ ಆಟ ಕಾಯಂ ಮುಗೀತು."

ರಾಯರು ಆಡಿದ ಮಾತಿನಿಂದ ಹಿಂದೆ ಸರಿಯುವ ಆಸಾಮಿಯಲ್ಲ. ಸುಮಿತ್ರಾ ಕೈ ಕಟ್ಟಿಹಾಕಿದವಳಂತೆ ಆಡಿದಳು. ಕಾಮಿನಿ ಬಂದಾಗಲೆಲ್ಲ ಪಕ್ಕಕ್ಕೆ ಸರಿದಳು. ದೊಡ್ಡ ಮುನ್ನಡೆ ಕರಗಿ ಒಂದೇ ಪಾಯಿಂಟು ಉಳಿಯಿತು. "ಶುಂ ಥಯುಂ ತನೆ?" ಏನಾಗಿದೆ ನಿನಗೆ ಎಂದು ಜೊತೆಯಾಟಗಾರ್ತಿ ಜಯಾ ರೇಗಿದಳು. ಸುಮಿತ್ರಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆಟ ಮುಗಿಯುವ ಹೊತ್ತಿಗೆ ಚೆಂಡು ಮತ್ತೆ ಕಾಮಿನಿಗೆ ಸಿಕ್ಕಿತು. ಎದುರಿಗೆ ಸುಮಿತ್ರಾ ಒಬ್ಬಳೇ. ಅಪ್ಪ ಕುರ್ಚಿಯಿಂದ ಅರ್ಧ ಎದ್ದದ್ದು ಕಾಣಿಸಿತು. ಸುಡುಗಾಡು, ಏನಾದರಾಗಲಿ ಎಂದುಕೊಂಡವಳೇ ಎಗರಿ ಕಾಮಿನಿಯ ಮುಂಗೈಗೆ ಬಾರಿಸಿದಳು.

ಸೀಟಿ. ಸುಮಿತ್ರಾ ತೋಳು ಪೂರ್ತಿ ಚಾಚಿ ಕೈಯೆತ್ತಿದಳು, ಅಪ್ಪನ ಕಡೆಗೇ ತಿರುಗಿ. ಆಮೇಲೆ ಹೊರಗೆ ಹೋಗಿ ಕೂತಳು. ಕಾಮಿನಿಯ ಎರಡು ಎಸೆತಗಳೂ ಕಬ್ಬಿಣದ ಬಳೆಗೆ ಬಡಿದು ಆಚೆ ಬಿದ್ದವು. ಗೆದ್ದ ಖುಷಿಗೆ ಜಯಾ ಓಡಿಬಂದು ತಬ್ಬಿಕೊಳ್ಳುವಷ್ಟರಲ್ಲಿ ರಾಯರ ಕುರ್ಚಿ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಸುಮಿತ್ರಾ ಆಟದ ಚಡ್ಡಿ, ಬನಿಯನ್ನು ಒಗೆದು ಹಿಂಡಿದಳು. "ಅಲ್ಲಿ ಬ್ಯಾಡ, ಸುಮೀ" ಎಂದು ಅಮ್ಮ ಅನ್ನುತ್ತಿದ್ದಂತೆಯೇ ಮುಂಬಾಗಿಲ ತಂತಿಯ ಮೇಲೆ, ಬೆನ್ನ ಮೇಲಿನ ನಂಬರು ರಸ್ತೆಗೆ ಕಾಣುವ ಹಾಗೆ ಹರವಿದಳು.

ರಾಯರು ಆಫೀಸಿಗೆ ಹೊರಟು ತಂತಿಯ ಮುಂದೆ ನಿಂತರು. ಬನಿಯನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಮಿತ್ರಾ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ರಾಯರು ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು, ಬಗ್ಗಿ ಅದರಡಿಯಿಂದ ಹಾದು, ಸೈಕಲ್ ಹತ್ತಿದರು.