ಕೆಂಪಿ ಸತ್ತಳೆಂದು ಎಲ್ಲಿದೆ?

"ಎಡಗೈಯೋ ಬಲಗೈಯೋ, ಅದನ್ನ ಮೊದ್ಲು ಹೇಳಿ ಮೇಡಂ," ಎಂದ ಔಷಧಿ ಅಂಗಡಿಯ ಶಶಿಕುಮಾರ್, ಬಿ.ಪಿ. ಮಾತ್ರೆಯ ಪೊಟ್ಟಣದ ಮೇಲೆ ಅಂಗೈ ಊರಿ. "ಟೀವೀಲಿ ಸೇನಾಪತಿಗೆ ಬಲಗೈ ಹೋಗೈತೆ. ನಿಮ್ಮ ಬುಕ್ಕಲ್ಲಿ ಎಡಗೈ. ನಂಗೂ ನನ್ನ ಹೆಂಡ್ತಿಗೂ ಎರಡು ದಿನದಿಂದ ಮಾತಿಲ್ಲ."

"ಕೈ ಕಡಿತಾರೆ, ಸೇರಿಸ್ಕೊಳ್ಳಿ ಅಂತ ಚಾನೆಲ್‌ನವರು ಫೋನ್ ಮಾಡಿದ್ರು ಕಣಪ್ಪ. ಯಾವ ಕೈ ಅಂತ ಹೇಳಲಿಲ್ಲ. ಮಾತ್ರೆ ಕೊಡು."

"ಕೇಳ್ಬೇಕಿತ್ತಲ್ವ?"

ಸುಲೋಚನಮ್ಮ ಹಲ್ಲು ಕಚ್ಚಿಕೊಂಡು ಪೊಟ್ಟಣ ಎಳೆದುಕೊಂಡರು. ಚೆಟ್ಟಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ, ನಿವೃತ್ತಿಯ ನಂತರ ಕುಶಾಲನಗರಕ್ಕೆ ಬಂದವರು ಅವರು. ಸ್ವಂತವಾಗಿ ಬರೆದ ಎರಡು ಕಾದಂಬರಿಗಳ ಬಗ್ಗೆ ಒಂದು ನರಪಿಳ್ಳೆಯೂ ದಾರಿಯಲ್ಲಿ ತಡೆದು ಕೇಳಿರಲಿಲ್ಲ. ‘ಮಂಜುಕೋಟೆ’ ಎಂಬ ಮಾಯಾಮಂತ್ರದ ಧಾರಾವಾಹಿಯನ್ನು ಕಾದಂಬರಿಯಾಗಿ ಬರೆದುಕೊಡಲು ಒಪ್ಪಿದ್ದೇ ತಡ, ಬೀದಿಗಿಳಿಯುವಂತಿಲ್ಲ. ರಾಣಿಯ ಕುದುರೆ ಕಪ್ಪಲ್ಲ, ಕಂದು ಎಂದು ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ತಿದ್ದಿದ್ದ. ಮಂತ್ರವಾದಿಗೆ ಮದುವೆ ಮಾಡಿಸಲೇಬೇಕೆಂದು ಗೋಣಿಕೊಪ್ಪಲಿನ ಕಾಲೇಜು ಹುಡುಗಿಯರು ನಲವತ್ತೆರಡು ಜನ ಸಹಿ ಹಾಕಿ ಕಳಿಸಿದ್ದರು.

ಅಭಿಮಾನಿಗಳಿಗೆ ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಕೆಂಪಿಯ ಮೇಲೆ. ಟೀವಿಯಲ್ಲಿ ಅವಳು ಹೆಸರಿಲ್ಲದ ಅಡುಗೆಯವಳು. ರಾಣಿಗೆ ಹಾಲಿನ ಲೋಟ ಕೊಟ್ಟು ಮರೆಯಾಗುವವಳು. ಸುಲೋಚನಮ್ಮ ಅವಳಿಗೊಂದು ಹೆಸರಿಟ್ಟರು. ಎರಡನೆಯ ಪುಸ್ತಕದ ಕೊನೆಯಲ್ಲಿ ಕೋಟೆಗೆ ಬೆಂಕಿ ಬಿದ್ದಾಗ ಅವಳು ರಾಣಿಯನ್ನು ಹೊರಗೆ ದಾಟಿಸಿ ತಾನು ಒಳಗೇ ಉಳಿಯುವುದನ್ನು ಮೂವತ್ತು ಪುಟ ಬರೆದರು. ಬರೆದ ದಿನ ಅವರಿಗೆ ಊಟ ಸೇರಿರಲಿಲ್ಲ. ‘ಟೀವೀಲಿ ಇಲ್ಲದವಳಿಗೆ ಮೂವತ್ತು ಪುಟ ದಂಡ’ ಎಂದು ಅಭಿಮಾನಿಗಳು ಮೊಬೈಲಿನಲ್ಲಿ ಇನ್ನೂ ಉಗಿಯುತ್ತಲೇ ಇದ್ದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಪ್ರಕಾಶಕ ಪ್ರಸಾದ್ ಫೋನು.

"ಮೇಡಂ, ಮೂರನೇ ಭಾಗದಲ್ಲಿ ಕೆಂಪಿ ಹೆಸರೇ ಬರಬಾರದು. ಚಾನೆಲ್‌ನವರೂ ಹೇಳಿದಾರೆ."

"ರಾಣಿ ಒಂದು ಸಲ ಅವಳನ್ನ ನೆನೆಸಿಕೊಂಡ್ರೆ ನಿಮ್ಮ ಗಂಟೇನ್ರಿ ಹೋಗುತ್ತೆ?"

"ಬೇಡ ಮೇಡಂ. ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರ ಹತ್ತಿರ ಬರೆಸ್ತೀವಿ. ಮಧ್ಯಾಹ್ನ ಮತ್ತೆ ಮಾಡ್ತೀನಿ."

ಫೋನಿಟ್ಟು ತಿರುಗಿದರೆ ಗೇಟಿನಲ್ಲಿ ಮಾರಿ ನಿಂತಿದ್ದಳು. ಚೆಟ್ಟಳ್ಳಿಯ ಎಸ್ಟೇಟೊಂದರಲ್ಲಿ ಕಾಫಿ ಕೊಯ್ಯುವವಳು. ಅವಳ ಮಗಳು ಅಮೃತಾ ಸುಲೋಚನಮ್ಮನ ಹಳೆಯ ಶಿಷ್ಯೆ. ಕಾದಂಬರಿಯ ಎರಡೂ ಭಾಗಗಳನ್ನು ಆ ಹುಡುಗಿ ಕೂಲಿ ಲೈನಿನ ಮನೆಗಳ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆಂಬುದು ಸುಲೋಚನಮ್ಮನಿಗೆ ಗೊತ್ತಿತ್ತು.

"ನೀನೂ ಬಂದ್ಯಾ? ಏನು, ಕೈಯೋ ಕುದುರೆಯೋ?"

"ಕೈ ಹಾಳಾಗಿ ಹೋಗ್ಲಿ ಟೀಚರಮ್ಮ. ಕೂಸು ಏನಾಯ್ತು?"

"ಯಾವ ಕೂಸು?"

"ಕೆಂಪೀದು! ಮೊದಲ್ನೇ ಬುಕ್ಕಲ್ಲಿ ಕೂಸನ್ನ ತಾಯಿ ತಾವ ಬಿಟ್ಟು ಕೋಟೆಗೆ ಬಂದ್ಲು, ಹಾಲಿಳಿದು ರವಿಕೆ ನೆಂದಿತ್ತು ಅಂತ ನೀವೇ ಬರ್ದೀರಿ."

ಸುಲೋಚನಮ್ಮ ಒಳಗೆ ಹೋಗಿ ಪುಸ್ತಕ ತೆರೆದರು. ನಲವತ್ತೊಂದನೆಯ ಪುಟದಲ್ಲಿ ಇತ್ತು. ಎರಡೇ ಸಾಲು. ಬರೆದು, ಮರೆತೇ ಬಿಟ್ಟಿದ್ದರು. ಕಿವಿ ಬಿಸಿಯಾಯಿತು. ಅಭಿಮಾನಿಗಳ ಇಷ್ಟು ಬೈಗುಳದಲ್ಲಿ ಇದನ್ನು ಒಬ್ಬರೂ ಹಿಡಿದಿರಲಿಲ್ಲ. ಹೊರಗೆ ಬಂದು ದಬಾಯಿಸಿಯೇ ಹೇಳಿದರು: "ಅವಳು ನಿಯತ್ತಿನವಳು ಕಣೇ. ರಾಣಿಗೋಸ್ಕರ ಪ್ರಾಣ ಕೊಟ್ಟಳು."

"ರಾಣಿ ಆಚೆಗೆ ಹೋದ್ಲಲ್ಲ. ಆಮೇಲೂ ಇವಳು ಒಳಗೆ ನಿಂತ್ಕಂಡು ಏನ್ಮಾಡ್ತಾಳೆ, ಪಾತ್ರೆ ಉಜ್ತಾಳಾ? ಕೂಸಿರೋ ಯಾವಳು ಹಂಗೆ ನಿಂತ್ಕತಾಳೆ ಟೀಚರಮ್ಮ?"

"ಈಗೇನು ಮಾಡೋಕಾಗುತ್ತೆ? ಸತ್ತಾಯ್ತು. ಅಚ್ಚೂ ಆಯ್ತು."

"ಸತ್ಲು ಅಂತ ಎಲ್ಲಿ ಬರ್ದೀರಿ? ಬಾಗಿಲು ಉರಿದು ಬಿತ್ತು ಅಂತ ಬರ್ದೀರಿ. ಅಮೃತನ ಕೈಲಿ ಮೂರು ಸಲ ಓದ್ಸಿದೀನಿ. ಬಾಗಿಲು ಬಿದ್ರೆ ಸಾಯ್ಲೇಬೇಕಾ?"

ಸುಲೋಚನಮ್ಮ, ಸಾವು ಎಂಬ ಪದವನ್ನೇ ಬಳಸದೆ ಆ ಅಧ್ಯಾಯ ಮುಗಿಸಿದ್ದಕ್ಕೆ ಆಗ ತಮ್ಮಷ್ಟಕ್ಕೆ ತಾವೇ ಹೆಮ್ಮೆ ಪಟ್ಟಿದ್ದರು. ರೇಗುತ್ತಲೇ ಅಡುಗೆಮನೆಗೆ ಹೋಗಿ ಟೀ ಕಾಸಿದರು. ಎರಡು ಲೋಟ ತಂದು, ಒಂದನ್ನು ಮಾರಿಯ ಮುಂದಿಟ್ಟು, ಜಗಲಿಯ ಮೇಲೆ ತಾವೂ ಕೂತರು.

"ಸರಿ, ಸುತ್ತ ಬೆಂಕಿ. ಬಾಗಿಲು ಬಿತ್ತು. ಎಲ್ಲಿಂದ ಬರ್ತಾಳೆ, ನೀನೇ ಹೇಳು."

"ಅಡ್ಗೆಮನೆ ಅಂದ್ಮೇಲೆ ಮುಸುರೆ ನೀರು ಹೋಗೋಕೆ ದಾರಿ ಇರಲ್ವಾ? ಅಷ್ಟು ದೊಡ್ಡ ಕೋಟೆಗೆ ಎಷ್ಟು ದೊಡ್ಡ ಮೋರಿ ಇರ್ಬೇಕು!" ಮಾರಿ ಟೀಯಲ್ಲಿ ಬೆರಳದ್ದಿ ಕೆಂಪು ಗಾರೆಯ ನೆಲದ ಮೇಲೆ ಒಂದು ಚೌಕ ಬರೆದಳು. "ಇದು ಒಲೆ. ಇಲ್ಲಿ ಮೋರಿ. ಗೋಣಿಚೀಲ ನೆನೆಸಿ ತಲೆ ಮೇಲೆ ಹಾಕ್ಕಂಡ್ಲು ಅಂದ್ಕಳಿ..."

ಮತ್ತೆ ಪ್ರಸಾದ್ ಫೋನು. "ಏನು ತೀರ್ಮಾನ ಮಾಡಿದ್ರಿ ಮೇಡಂ?"

"ತಡೀರಿ, ಅವಳಿನ್ನೂ ಮೋರೀಲಿದಾಳೆ."

"ಯಾರು?"

"ಕೆಂಪಿ. ಬೇರೆಯವರ ಹತ್ತಿರ ಬರೆಸೋದಾದ್ರೆ ಬರೆಸ್ಕೊಳ್ಳಿ," ಎಂದು ಸುಲೋಚನಮ್ಮ ಫೋನಿಟ್ಟರು. "ಆಮೇಲೆ?" ಎಂದರು ಮಾರಿಗೆ.

ಬಿಸಿಲಿಗೆ ಒಲೆಯ ಚೌಕ ಆಗಲೇ ಆರತೊಡಗಿತ್ತು. ಮಾರಿ ಬೆರಳನ್ನು ಇನ್ನೊಮ್ಮೆ ಲೋಟದಲ್ಲಿ ಅದ್ದಿ, ಮೋರಿಯ ಗೆರೆಯನ್ನು ನಿಧಾನವಾಗಿ ಜಗಲಿಯ ಅಂಚಿನವರೆಗೂ ಎಳೆದಳು.