ಕೈಬರಹದ ಬೆಣೆ

ಅತ್ತಿಗೆಯ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳೊಂದೇ. ಮಿಕ್ಕ ನಾಲ್ಕನ್ನೂ ಡಬ್ಬಿಯ ಮುಚ್ಚಳ ಒತ್ತುವ ಮಿಷನ್ನು ನುಂಗಿತ್ತು.

ಆ ಮಿಷನ್ನಿಗೆ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒತ್ತಿದರಷ್ಟೇ ಅಚ್ಚು ಇಳಿಯಬೇಕು. ಕೈ ಉಳಿಯಲೆಂದೇ ಮಾಡಿದ ಏರ್ಪಾಡು. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಸೂಪರ್‌ವೈಸರ್ ಒಬ್ಬೊಬ್ಬರಿಗೂ ಒಂದು ಮರದ ಬೆಣೆ ಕೊಟ್ಟಿದ್ದ. ಅದನ್ನು ಒಂದು ಗುಂಡಿಗೆ ಸಿಕ್ಕಿಸಿದರೆ ಒಂದು ಕೈಯಲ್ಲಿ ಒತ್ತಿ, ಇನ್ನೊಂದರಲ್ಲಿ ತಗಡು ಇಡಬಹುದು. ಬೆಣೆ ಅದಲುಬದಲಾಗದಿರಲೆಂದು ಮಿಷನ್ನಿನ ನಂಬರನ್ನೂ ಅದರ ಮೇಲೆ ಅವನೇ ಬರೆದಿದ್ದ.

ನಾದಿನಿಗೆ ಹತ್ತೊಂಬತ್ತು. ಪಕ್ಕದ ಮಿಷನ್ನು ಅವಳದು. ಕೆಲಸ ಕಲಿಸಿದ್ದು ಅತ್ತಿಗೆಯೇ. ಆಸ್ಪತ್ರೆಗೆ ಮ್ಯಾನೇಜರು ಹಣ್ಣು ಹಿಡಿದು ಬಂದಾಗ, ನಿದ್ದೆಯಲ್ಲಿದ್ದ ಅತ್ತಿಗೆಯ ಪಕ್ಕ ಕೂತಿದ್ದ ನಾದಿನಿಗೆ ದೇವರೇ ಬಂದಷ್ಟು ಸಮಾಧಾನವಾಯಿತು.

"ಆಸ್ಪತ್ರೆ ಖರ್ಚಿನ ಕಾಗದ. ಇಲ್ಲೊಂದು ಸಹಿ ಹಾಕಮ್ಮ."

ದೊಡ್ಡವರೆದುರು ಓದುತ್ತಾ ಕೂತರೆ ಅಧಿಕಪ್ರಸಂಗವಾದೀತೆಂದು ಹಾಕಿಬಿಟ್ಟಳು. ಇವರೆಲ್ಲಿ ಓದುತ್ತಾರೆಂಬ ಧೈರ್ಯದಲ್ಲಿ ಮ್ಯಾನೇಜರು ಒಂದು ಪ್ರತಿಯನ್ನು ಬಿಟ್ಟೇ ಹೋದರು.

ಎಚ್ಚರವಾದ ಅತ್ತಿಗೆ, "ಏನದು? ಓದೇ" ಅಂದಳು.

ಓದಿದಳು. ಬೆಣೆ ಸಿಕ್ಕಿಸಿದ್ದು ಅತ್ತಿಗೆಯೇ, ಬೇಡವೆಂದರೂ ಕೇಳಲಿಲ್ಲ, ಕಂಪನಿಯ ತಪ್ಪಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಅವಳದೇ ದುಂಡನೆಯ ಸಹಿ.

"ಅತ್ತಿಗೆ, ನಾನು ಓದ್ಲೇ ಇಲ್ಲ."

"ಬೆಣೆ ಯಾಕೆ ಅಂತ ನಾನೂ ಕೇಳ್ಲಿಲ್ಲ. ಸುಮ್ನಿರೋದನ್ನೇ ನಿಂಗೂ ಕಲಿಸ್ದೆ." ಅತ್ತಿಗೆ ಗೋಡೆಯ ಕಡೆ ತಿರುಗಿದಳು. "ಮಗಳಿಗೆ ಜಡೆ ಇನ್ನು ನೀನೇ ಹಾಕ್ಬೇಕು ಕಣೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಜಡೆಯ ಮಾತಿಗೆ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಮಗುವಿಗೆ ಜಡೆ ಹೆಣೆದು ಕೆಲಸಕ್ಕೆ ಹೋದಳು. ಬೆಣೆ ಕಿತ್ತಿಟ್ಟು ಎರಡೂ ಕೈಯಲ್ಲಿ ಒತ್ತತೊಡಗಿದಳು.

ಸೂಪರ್‌ವೈಸರ್ ಬಂದ. "ಬೆಣೆ ಎಲ್ಲಿ? ಹೀಗೆ ಆಮೆ ಥರ ಒತ್ತಿದ್ರೆ ಇವತ್ತಿನ ಮಾಲು ನಿಮ್ಮಪ್ಪ ಬಂದು ಮುಗಿಸ್ತಾನಾ? ಹಾಕು."

"ಹಾಕ್ತೀನಿ ಸರ್. ಹಾಕು ಅಂದಿದ್ದು ನೀವೇ ಅಂತ ಒಂದು ಚೀಟೀಲಿ ಬರ್ದು ಸಹಿ ಮಾಡ್ಕೊಡಿ. ಈ ಸಲ ಓದ್ಕೊಂಡೇ ಇಸ್ಕೋತೀನಿ."

ಅವನ ಕೈ ಜೇಬಿನ ಪೆನ್ನಿನ ಹತ್ತಿರವೂ ಹೋಗಲಿಲ್ಲ. ಎದುರು ಸಾಲಿನ ಮುದುಕಿ ಮಿಷನ್ನು ನಿಲ್ಲಿಸಿ ತನ್ನ ಬೆಣೆ ಕಿತ್ತಳು. ಆಮೇಲೆ ಅವಳ ಪಕ್ಕದವಳು. ಶೆಡ್ಡಿನ ಸದ್ದು ಒಂದೊಂದಾಗಿ ಅಡಗಿತು.

ಮುದುಕಿ ಬೆಣೆಯನ್ನು ಬೆಳಕಿಗೆ ಹಿಡಿದಳು. "ಚೀಟಿ ಯಾಕೆ ಮಗಳೇ? ಸಾಹೇಬ್ರು ಆಗ್ಲೇ ಬರ್ಕೊಟ್ಟಿದಾರೆ. ನೋಡು, ಅವ್ರದೇ ಅಕ್ಷರ."

ನಾದಿನಿ ಅತ್ತಿಗೆಯ ಮಿಷನ್ನಿನತ್ತ ನಡೆದಳು. ಅದರ ಬೆಣೆ ಇನ್ನೂ ಗುಂಡಿಯಲ್ಲೇ ಇತ್ತು. ಕಿತ್ತು, ಮೇಲಿದ್ದ ನಂಬರನ್ನು ಗಟ್ಟಿಯಾಗಿ ಓದಿದಳು.