ಕಂಕುಳಲ್ಲಿ ಬೋರ್ಡು

ಗುಂಡ ಸ್ಕೇಟ್‌ಬೋರ್ಡಿನಿಂದ ಬಿದ್ದು ಸತ್ತ ಮೇಲೆ, ಅವನ ಮನೆ ಮುಂದೆ ನಾವು ಮೂವರೂ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೇ ಹೋಗುತ್ತಿದ್ದೆವು. ಮೊದಲೆಲ್ಲ ಚಕ್ರದ ಗರಗರ ಕೇಳಿದರೆ ಸಾಕು, ಅವನಮ್ಮ ಕಿಟಕಿಯಿಂದಲೇ ಒಬ್ಬೊಬ್ಬರ ಹೆಸರು ಹಿಡಿದು ಜನ್ಮ ಜಾಲಾಡುತ್ತಿದ್ದರು. ಇನ್ನು ಅವರ ಹೊಟ್ಟೆ ಉರಿಸುವುದು ಬೇಡ ಎಂದು ನಾವೇ ದೊಡ್ಡ ಮನುಷ್ಯರ ಹಾಗೆ ತೀರ್ಮಾನಿಸಿದ್ದೆವು.

ಒಂದು ಸಂಜೆ ಅವರು ಗೇಟಿಗೆ ಬಂದು ನಿಂತರು.

"ಯಾಕ್ರೋ ಅದನ್ನ ಹೊತ್ಕೊಂಡು ಹೋಗ್ತೀರಾ?"

"ನಿಮಗೆ ಬೇಜಾರಾಗುತ್ತೆ ಅಂತ, ಆಂಟಿ."

"ನಿಮ್ಮ ಸದ್ದು ಕೇಳಿದ್ಮೇಲೇನೇ ನಾನು ಅವನಿಗೆ ತಟ್ಟೆ ಹಾಕ್ತಿದ್ದೆ. ಈಗ ಒಲೆ ಹಚ್ಚೋದೇ ಮರೆತು ಕೂತಿರ್ತೀನಿ. ಉರುಳಿಸ್ಕೊಂಡೇ ಹೋಗ್ರೋ."

ಬೋರ್ಡು ಕೆಳಗಿಟ್ಟು ಹೊರಟೆವು. ತಿರುವು ತಲುಪುವ ಮೊದಲೇ ಕಿಟಕಿಯಿಂದ ಬೈಗುಳ ಶುರುವಾಯಿತು, ಮೊದಲಿನ ಹಾಗೆಯೇ, ನಾಲ್ವರ ಹೆಸರೂ ಹಿಡಿದು.